ಮಾಲ್ಟಿಗೊದಗುವ ಜವೆಗೋಧಿ

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವುದನ್ನು ನಾವೆಲ್ಲರೂ ಮನೆಗಳಲ್ಲಿ ಕಂಡಿದ್ದೇವೆ. ಜವೆಗೋಧಿಯಿಂದ ಮಾಲ್ಟನ್ನು ಮಾಡುವ ಕ್ರಮವೂ ಇದೇ ಬಗೆಯದು. ಮೊಳೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವಗಳೇ ಮುಂದೆ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸತಕ್ಕವು. ಆದುದರಿಂದ ಮೊಳೆಯದ ಕಾಳು ಮಾಲ್ಟಿಗೆ ನಿಷ್ಪ್ರಯೋಜಕ. ನೂರರಲ್ಲಿ 95ಕ್ಕೆ ಕಡಮೆಯಿಲ್ಲದಷ್ಟು ಕಾಳುಗಳು ಮೊಳೆಯಲೇಬೇಕು.

ಕಾಳಿನ ಗುಣವು ತಳಿಯಿಂದಲೋ, ಬೆಳೆದ ಪರಿಸ್ಥಿತಿಯಿಂದಲೋ? ಎರಡರಿಂದಲೂ ಎನ್ನಬೇಕು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಪ್ರಾಕ್ಟರ್, ಪಯೊನಿಯರ್ ಎಂಬ ತಳಿಗಳನ್ನು ಕೂಡಿಸಿ ಪಡೆದ ಮಾರಿಸ್ ಆಟರ್ 1965ರಲ್ಲಿ ಬಳಕೆಗೆ ಬಂದಿತು. ಇಳುವರಿಯಲ್ಲಿ ಹೊಸ ತಳಿಗಳು ಅದನ್ನು ಮೀರಿಸಿದ್ದರೂ, ಮಾಲ್ಟಿನ ಗುಣಕ್ಕಾಗಿ ಅದನ್ನು ಇಂದಿಗೂ ಬೆಳೆಯುತ್ತಾರೆ.

ಆದರೆ ಉತ್ತಮ ತಳಿಯೂ ಕಾಲವು ಪ್ರತಿಕೂಲವಾದರೆ ಕೆಡುವುದುಂಟು. ಕಾಳು ತುಂಬುವ ಹೊತ್ತಿನಲ್ಲಿ ಬಿಸಿಲೂ ಅನಾವೃಷ್ಟಿಯೂ ಕೂಡಿದರೆ, ಪಿಷ್ಟವು ಸಾಕಷ್ಟು ಸೇರದೆ ಕಾಳು ಸೊರಗಿ, ಸಸಾರಜನಕದ ಪಾಲು ಏರುತ್ತದೆ. ತಡವಾಗಿ ಹಾಕಿದ ಸಾರಜನಕದ ಗೊಬ್ಬರವೂ ಆ ಪಾಲನ್ನು ಏರಿಸುತ್ತದೆ. ಅದು ಏರಿದಷ್ಟೂ ಮಾಲ್ಟಿನಿಂದ ದೊರೆಯುವ ಸಾರ ಕಡಮೆ. ಕೊಯ್ಲಿನ ಕಾಲದ ಮಳೆಯಾದರೋ ತೆನೆಯಲ್ಲಿಯೇ ಮೊಳಕೆ ಬರಿಸಿಬಿಡುವುದು. ಇಂತಹ ಜವೆಗೋಧಿ ಮಾಲ್ಟಿನವರಿಂದ ತಿರಸ್ಕೃತವಾಗಿ, ದನಗಳ ಆಹಾರಕ್ಕೆಂದು ಅಗ್ಗದ ಬೆಲೆಗೆ ಹೋಗುತ್ತದೆ.

ರೈತನು ಬೀಜವನ್ನು ಆರಿಸಬಲ್ಲನು, ಗೊಬ್ಬರವನ್ನು ಅಳೆದು ಹಾಕಬಲ್ಲನು. ಆದರೆ ಅವನ ವರ್ಷದ ದುಡಿಮೆಗೆ ಬೆಲೆ ಕಟ್ಟುವ ಕಡೆಯ ಕೆಲವು ವಾರಗಳ ಬಿಸಿಲುಮಳೆ ಅವನ ಕೈಯಲ್ಲಿಲ್ಲ.