ಜೆಟ್ ದೋಣಿಯೂ ನೀರಿನ ಮೇಲಣ ಜಾರಾಟವೂ

ನೀರಿನ ಮೇಲೆ ನಡೆದುಹೋದ ಯೋಗಿಗಳ ಕಥೆಯನ್ನು ನಾವೆಲ್ಲರೂ ಅಜ್ಜಿಯರ ಬಾಯಿಂದ ಕೇಳಿದವರೇ. ತಪಸ್ಸಿನ ಹಂಗಿಲ್ಲದೆ, ಎರಡು ಹಲಗೆಗಳನ್ನು ಕಾಲಿಗೆ ಸಿಕ್ಕಿಸಿಕೊಂಡು ನೀರಿನ ಮೇಲೆ ನಿಂತು ತೋರಿಸಿದವನು ಅಮೆರಿಕದ ಮಿನೆಸೋಟ ಪ್ರಾಂತದ ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಹದಿನೆಂಟು ವರ್ಷದ ಹುಡುಗ. ಹಿಮದ ಮೇಲೆ ಜಾರುವವರಿರುವಾಗ ನೀರಿನ ಮೇಲೇಕೆ ಜಾರಬಾರದು ಎಂಬುದು ಅವನ ತರ್ಕ. 1922ರ ಬೇಸಗೆಯಲ್ಲಿ ಪೆಪಿನ್ ಸರೋವರಕ್ಕಿಳಿದು ಮೊದಲು ಪೀಪಾಯಿಯ ಹಲಗೆಗಳನ್ನು ಕಟ್ಟಿಕೊಂಡ, ಮುಳುಗಿದ. ಹಿಮದ ಸ್ಕೀಗಳನ್ನು ಕಟ್ಟಿಕೊಂಡ, ಮತ್ತೂ ಮುಳುಗಿದ. ಕೊನೆಗೆ ಎಂಟು ಅಡಿ ಉದ್ದದ ಎರಡು ಮರದ ಹಲಗೆಗಳನ್ನು ತಂದು, ತುದಿಗಳನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮೇಲಕ್ಕೆ ಬಗ್ಗಿಸಿದ. ಆ ತುದಿಗಳನ್ನು ನೀರಿನಿಂದ ಮೇಲಕ್ಕೆತ್ತಿ, ಹಿಂದಕ್ಕೆ ಒರಗಿ ಹಗ್ಗ ಹಿಡಿದರೆ ದೋಣಿಯೇ ತನ್ನನ್ನು ಎಳೆದು ನಿಲ್ಲಿಸುತ್ತದೆಂಬ ಗುಟ್ಟು ಅವನಿಗೆ ಸಿಕ್ಕಿತು. ಪೇಟೆಂಟು ಮಾಡಿಸಿಕೊಳ್ಳುವ ಗೊಡವೆಗೆ ಮಾತ್ರ ಹೋಗಲಿಲ್ಲ. 1925ರಲ್ಲಿ ಫ್ರೆಡ್ ವಾಲರ್ ಎಂಬವರು ತಮ್ಮ ಸ್ಕೀಗಳಿಗೆ ಪೇಟೆಂಟು ಪಡೆದರು. ಕಡತಗಳ ನಡುವೆಯೇ ಬಾಳುವ ನಮಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಈ ಆಟದಲ್ಲಿ ಒಂದು ಹೆದರಿಕೆ ಮೊದಲಿನಿಂದಲೂ ಇತ್ತು. ಎಂಜಿನ್ ದೋಣಿಯ ಹಿಂಭಾಗದಲ್ಲಿ, ನೀರಿನೊಳಗೆ, ಪ್ರೊಪೆಲರಿನ ಲೋಹದ ರೆಕ್ಕೆಗಳು ಗಿರ್ರನೆ ತಿರುಗುತ್ತಿರುತ್ತವೆ. ಆಟಗಾರ ಬೀಳುವುದೂ ನೀರಿಗೆ, ಅವನನ್ನು ಹತ್ತಿಸಿಕೊಳ್ಳಲು ದೋಣಿ ಬರುವುದೂ ಅವನ ಹತ್ತಿರಕ್ಕೆ. ಅಲ್ಲಿ ಕ್ಷಣದ ಎಚ್ಚರ ತಪ್ಪಿದರೆ ಕಾಲು ಹೋಯಿತೆಂದೇ ಲೆಕ್ಕ.

ಈ ರೆಕ್ಕೆಯನ್ನು ದೋಣಿಯ ಹೊಟ್ಟೆಯೊಳಗೆ ಸೇರಿಸಿದ ಬಿಲ್ ಹ್ಯಾಮಿಲ್ಟನ್ನರ ತಲೆಯಲ್ಲಿ ಆಗ ಇದ್ದುದು ಸ್ಕೀ ಆಟವಲ್ಲ, ನದಿ. ಅವರು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಐರಿಷ್‌ಮನ್ ಕ್ರೀಕ್ ಎಂಬಲ್ಲಿ ಕುರಿ ಸಾಕುತ್ತಿದ್ದ ಜಮೀನುದಾರರು, ಯಂತ್ರಗಳ ಹುಚ್ಚಿನವರು. ಅಲ್ಲಿಯ ನದಿಗಳ ರೀತಿಯೇ ಬೇರೆ. ಹಿಮಬೆಟ್ಟಗಳಿಂದ ಇಳಿದು, ಅಗಲವಾದ ಗರಸುಗಲ್ಲಿನ ಪಾತ್ರದಲ್ಲಿ ಜಡೆಯ ಎಳೆಗಳಂತೆ ಹತ್ತಾರು ಕವಲಾಗಿ ಹರಿಯುತ್ತವೆ. ರಭಸ ಬಹಳ, ಆಳ ಕಡಮೆ. ಪ್ರೊಪೆಲರ್ ದೋಣಿಯನ್ನು ಇಳಿಸಿದರೆ ಮೊದಲ ಕಲ್ಲಿಗೇ ರೆಕ್ಕೆ ಮುರಿಯುವುದು. ಬೇಸಗೆಯ ತುಂಗಭದ್ರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಿರಿಯರು ಅದಕ್ಕೆ ಹರಿಗೋಲನ್ನು ಕಂಡುಕೊಂಡರು. ಆದರೆ ಹರಿಗೋಲು ಪ್ರವಾಹಕ್ಕೆದುರಾಗಿ ಓಡದು.

1950ರ ದಶಕದ ಮೊದಲಲ್ಲಿ ಹ್ಯಾಮಿಲ್ಟನ್ನರು ಕಂಡುಕೊಂಡ ಉಪಾಯ ಹೀಗಿದೆ. ದೋಣಿಯ ತಳದಲ್ಲಿ ಜಾಲರಿ ಹೊದಿಸಿದ ಒಂದು ಬಾಯಿ. ಅದರಿಂದ ನೀರನ್ನು ಪಂಪು ಮೇಲಕ್ಕೆ ಹೀರಿ, ಹಿಂಭಾಗದ ಕಿರಿದಾದ ಮೂತಿಯಿಂದ ಬಿರುಸಾಗಿ ಹೊರಕ್ಕೆ ಚಿಮ್ಮುತ್ತದೆ. ನೀರು ಹಿಂದಕ್ಕೆ, ದೋಣಿ ಮುಂದಕ್ಕೆ. ಮೊದಲು ಅವರು ಈ ಮೂತಿಯನ್ನು ದೋಣಿಯ ಅಡಿಯಲ್ಲಿಟ್ಟಿದ್ದರು, ವೇಗ ಸಾಲಲಿಲ್ಲ. ಅದನ್ನು ನೀರಿನ ಮಟ್ಟಕ್ಕಿಂತ ತುಸು ಮೇಲಕ್ಕೆ ತಂದೊಡನೆ ದೋಣಿ ಹಾರಿದಂತೆ ಓಡತೊಡಗಿತು. ವೇಗ ಹಿಡಿದ ಮೇಲೆ ಅದು ನಾಲ್ಕಾರು ಅಂಗುಲ ನೀರಿನಲ್ಲೂ ಸಾಗಿಬಿಡುತ್ತದೆ. ಇಷ್ಟಾದರೂ ಇದು ತಮ್ಮ ಆವಿಷ್ಕಾರವಲ್ಲ, ಮಾನ ಆರ್ಕಿಮಿಡೀಸನಿಗೆ ಸಲ್ಲಬೇಕು ಎನ್ನುತ್ತಿದ್ದರಂತೆ ಆ ಪುಣ್ಯಾತ್ಮರು.

1960ರಲ್ಲಿ ಇವರ ದೋಣಿಗಳು ಅಮೆರಿಕದ ಗ್ರಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಕೊಲರಾಡೊ ನದಿಯನ್ನು ಪ್ರವಾಹಕ್ಕೆದುರಾಗಿ ಏರಿದವು. 1977ರಲ್ಲಿ ಎವರೆಸ್ಟಿನ ಎಡ್ಮಂಡ್ ಹಿಲರಿಯವರು ಮೂರು ಜೆಟ್ ದೋಣಿಗಳೊಡನೆ ನಮ್ಮ ಗಂಗೆಯನ್ನೇ ಏರಿದರು. ಗಂಗಾಸಾಗರದಿಂದ ಹೊರಟು, ಹರಿದ್ವಾರವನ್ನು ದಾಟಿ, ನಂದಪ್ರಯಾಗದ ಬಳಿ ಜಲಪಾತವೊಂದು ಅಡ್ಡಗಟ್ಟುವವರೆಗೆ ಹೋದರು. ದೋಣಿ ನಡೆಸಿದವರಲ್ಲಿ ಹ್ಯಾಮಿಲ್ಟನ್ನರ ಮಗ ಜಾನ್ ಇದ್ದರು.

ಇನ್ನು ಸ್ಕೀ ಆಟದ ಮಾತು. ಹೊರಗೆ ರೆಕ್ಕೆಯಿಲ್ಲದ ದೋಣಿ ಹಗ್ಗದ ತುದಿಯಲ್ಲಿರುವವನಿಗೆ ವರದಾನವೇ ಸರಿ. ಗೋವೆಯ ಕಡಲತೀರದಲ್ಲಿ ಓಡುವ ನೀರಿನ ಸ್ಕೂಟರುಗಳ ಹೊಟ್ಟೆಯಲ್ಲಿರುವುದೂ ಇಂಥದೇ ಪಂಪು. ಕಳೆದ ರಜೆಯಲ್ಲಿ ಅಲ್ಲಿಗೆ ಹೋಗಿ ಮಾಟುಂಗದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ, "ಮಾವ, ಅದಕ್ಕೆ ಪ್ರೊಪೆಲರೇ ಇಲ್ಲ, ಇನ್ನು ಭಯ ಎಲ್ಲಿಯದು?" ಎಂದ. ಅಕ್ಕ ನಮ್ಮ ಮುಖ ನೋಡಿದಳು. ಅವನ ಮಾತು ಅರ್ಧ ನಿಜವೆಂದೆವು. ಉಳಿದರ್ಧವನ್ನು ಮಕ್ಕಳನ್ನು ಕಡಲಿಗೂ ಕೆರೆಗೂ ಕಳಿಸುವ ಎಲ್ಲ ಮನೆಗಳವರೂ ಅರಿತಿರಬೇಕು.

ಪ್ರೊಪೆಲರಿನೊಡನೆ ಚುಕ್ಕಾಣಿಯೂ ಹೋಯಿತು. ಜೆಟ್ ದೋಣಿ ತಿರುಗುವುದು ಚಿಮ್ಮುವ ನೀರಿನ ದಿಕ್ಕನ್ನು ಓರೆ ಮಾಡುವುದರಿಂದ. ನೀರು ಚಿಮ್ಮದಿದ್ದರೆ ತಿರುವುವ ಶಕ್ತಿಯೂ ಇಲ್ಲ. ಎದುರಿಗೆ ಯಾರೋ ಬಿದ್ದಿದ್ದಾರೆಂದು ಗಾಬರಿಯಲ್ಲಿ ವೇಗವನ್ನು ತೆಗೆದುಬಿಟ್ಟರೆ, ಚಕ್ರವನ್ನು ಎಷ್ಟು ತಿರುವಿದರೂ ದೋಣಿ ನೆಟ್ಟಗೆ ಅವರತ್ತಲೇ ಜಾರುತ್ತದೆ. ಹೊಸಬರ ಕೈ ತಪ್ಪುವುದು ಇಲ್ಲಿಯೇ. ಈಚಿನ ಕೆಲವು ಯಂತ್ರಗಳಲ್ಲಿ ಇದಕ್ಕೊಂದು ಪರಿಹಾರವನ್ನು ಜೋಡಿಸಿದ್ದಾರೆ, ಎಲ್ಲದರಲ್ಲಿಯೂ ಇಲ್ಲ. ಸ್ಕೀ ಹಾಕಿದವನು ಪಕ್ಕಕ್ಕೆ ಬಲವಾಗಿ ವಾಲಿ ಎಳೆದಾಗ ಹಗುರವಾದ ಜೆಟ್ ದೋಣಿಯ ಹಿಂಭಾಗವೂ ಆ ಕಡೆಗೇ ಸರಿಯುವುದುಂಟು. ಚಾಲಕನು ಅದನ್ನು ಸರಿದೂಗಿಸುತ್ತಲೇ ಇರಬೇಕು.

ತೆಳುನೀರಿನ ಗುಣವೂ ಹಾಗೆಯೇ. ದೋಣಿ ಹೋಗುವ ಕಡೆಯೆಲ್ಲ ಆಟಗಾರ ಹೋಗಬಹುದೆಂದು ತಿಳಿಯಬಾರದು. ಗೇಣುದ್ದ ನೀರಿನಲ್ಲಿ ದೋಣಿಗೆ ಬಾಧೆಯಿಲ್ಲ. ಅಲ್ಲಿ ಬಿದ್ದವನ ತಲೆಗೆ ಸಿಕ್ಕುವುದು ಕಲ್ಲು. ಅದೂ ಅಲ್ಲದೆ, ನಿಂತ ದೋಣಿ ಓಡುವ ದೋಣಿಗಿಂತ ಆಳಕ್ಕೆ ಕೂರುತ್ತದೆ. ತೆಳುನೀರಿನಲ್ಲಿ ಹೊರಡಹೋದರೆ ಪಂಪು ನೀರಿನೊಡನೆ ಗರಸನ್ನೂ ನುಂಗುತ್ತದೆ. ತಳದ ಬಾಯಿಗೆ ಸಡಿಲ ಹಗ್ಗ, ಉದ್ದ ಕೂದಲು, ಸೆರಗು ಯಾವುದಾದರೂ ಒಂದೇ. ಹಿಂದಿನ ಮೂತಿಯಿಂದ ಚಿಮ್ಮುವ ನೀರೂ ಹತ್ತಿರದಲ್ಲಿದ್ದವರ ಮೈಯನ್ನು ಗಾಯಗೊಳಿಸುವಷ್ಟು ಬಿರುಸು.

ಆದುದರಿಂದ ದೋಣಿಯಲ್ಲಿ ಇಬ್ಬರಿರಬೇಕು: ಒಬ್ಬನ ಕಣ್ಣು ಮುಂದಕ್ಕೆ, ಇನ್ನೊಬ್ಬನದು ಹಗ್ಗದ ತುದಿಗೆ. ಹಗ್ಗ ಸಾಮಾನ್ಯವಾಗಿ 75 ಅಡಿ. ಅಷ್ಟು ದೂರಕ್ಕೆ ಕೂಗು ಕೇಳದಾದ್ದರಿಂದ ಎಲ್ಲವೂ ಕೈಸನ್ನೆಯ ಮೇಲೆಯೇ. ಹೆಬ್ಬೆರಳು ಮೇಲಾದರೆ ವೇಗ ಹೆಚ್ಚಿಸು, ಕೆಳಗಾದರೆ ತಗ್ಗಿಸು. ಬಿದ್ದವನು ತೇಲುಕವಚದ ಆಸರೆಯಲ್ಲಿ ಮೇಲೆ ಬಂದು, ಎರಡು ಕೈಗಳನ್ನೂ ತಲೆಯ ಮೇಲೆ ಜೋಡಿಸಿದರೆ, ತನಗೇನೂ ಆಗಿಲ್ಲವೆಂದು ಅರ್ಥ. ದೋಣಿ ನಿಧಾನವಾಗಿ ಸುತ್ತಿ ಅವನ ಮಗ್ಗುಲಿಗೆ ಬರಬೇಕು. ಎಂಜಿನ್ನನ್ನು ಪೂರ್ತಿ ನಿಲ್ಲಿಸಿದ ಮೇಲೆಯೇ ಅವನು ಅಂಚಿಗೆ ಕೈ ಹಾಕಬೇಕು.