ಯಾರ ಕೈಗೆ ತಕ್ಕ ಯಂತ್ರ?

ಗೋಕಾಕ ಸೀಮೆಯ ಮೇಲವಂಕಿಯಂಥ ಊರಿನಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿರುವ ರೈತನ ಕಿಸೆಯೊಳಗೆ ಮೊಬೈಲ್ ಗಂಟೆ ಬಾರಿಸಿತೆನ್ನಿ. ಅವನು ಮೊದಲು ಮಾಡುವ ಕೆಲಸ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುವುದು. ಒದ್ದೆ ಬೆರಳಿಗೆ ಗಾಜಿನ ಪರದೆ ಸರಿಯಾಗಿ ಓಗೊಡದು. ಒಂದನ್ನು ಮುಟ್ಟಿದರೆ ಮತ್ತೊಂದು ತೆರೆದುಕೊಳ್ಳುತ್ತದೆ. ಇದು ರೈತನ ಅಜ್ಞಾನವಲ್ಲ, ಯಂತ್ರದ ರಚನೆಯ ಗುಣ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಾಹಕ ಪದರವೊಂದಿರುತ್ತದೆ. ಬೆರಳಿಟ್ಟ ತಾಣದಲ್ಲಿ ವಿದ್ಯುದಾವೇಶ ಕೊಂಚ ವ್ಯತ್ಯಾಸಗೊಳ್ಳುವುದನ್ನು ಯಂತ್ರವು ಗುರುತಿಸುತ್ತದೆ. ನೀರೂ ವಾಹಕವಾದ್ದರಿಂದ ಅದರ ಹನಿಯನ್ನೂ ಬೆರಳೆಂದು ಭ್ರಮಿಸುತ್ತದೆ. ಸಲಿಕೆ ಹಿಡಿದು ಜಡ್ಡುಗಟ್ಟಿದ ಒಣ ಬೆರಳನ್ನಾದರೋ ಕೆಲವೊಮ್ಮೆ ಬೆರಳೆಂದೇ ಒಪ್ಪುವುದಿಲ್ಲ!

ಮೊಬೈಲಿನ ಕಥೆಯನ್ನು ಗಾತ್ರ ಕುಗ್ಗಿದ ಕಥೆಯೆಂದು ಹೇಳುವುದು ವಾಡಿಕೆ. ಅಷ್ಟೇ ಆಗಿದ್ದರೆ ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಡ. 1973ರ ಏಪ್ರಿಲ್ 3ರಂದು ಮೊಟೊರೋಲಾ ಸಂಸ್ಥೆಯ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮೊದಲ ಕರೆ ಮಾಡಿದರು. ಹತ್ತು ವರ್ಷಗಳ ತರುವಾಯ ಅಂಗಡಿಗೆ ಬಂದ ಅದರ ಸಂತತಿ ಮುಕ್ಕಾಲು ಕಿಲೋಗೂ ಮಿಗಿಲಾಗಿ ತೂಗುತ್ತಿತ್ತು; ಬೆಲೆ 3,995 ಡಾಲರ್; ಅರ್ಧ ಗಂಟೆ ಮಾತನಾಡಿದರೆ ಬ್ಯಾಟರಿ ಬರಿದು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ಕೇಂದ್ರ ಮಂತ್ರಿ ಸುಖ್ ರಾಮ್ ಅವರೊಡನೆ ಮಾತನಾಡಿ ಈ ಸೇವೆಗೆ ನಾಂದಿ ಹಾಡಿದರು. ಕರೆ ಮಾಡಿದವನಲ್ಲದೆ ಕರೆ ಬಂದವನೂ ಹಣ ತೆರಬೇಕಾಗಿದ್ದ ಕಾಲವದು.

ಆದರೆ ಯಾರ ಕೈಗೆಂದು ಈ ಯಂತ್ರವನ್ನು ರೂಪಿಸಬೇಕು? ಈ ಪ್ರಶ್ನೆಯನ್ನು ಮನಃಪೂರ್ವಕವಾಗಿ ಕೇಳಿದವರು ಕೆಲವರೇ. 2003ರಲ್ಲಿ ಬಂದ ನೋಕಿಯಾ 1100ರ ನಿರ್ಮಾಪಕರು ಅವರಲ್ಲಿ ಸೇರುತ್ತಾರೆ. ಧೂಳು ಹೋಗದಂತೆ ಹೊದಿಸಿದ ಗುಂಡಿಗಳು, ನೆತ್ತಿಯಲ್ಲೊಂದು ಪುಟ್ಟ ದೀಪ. ವಿದ್ಯುತ್ತು ಕೈಕೊಡುವ ಹಳ್ಳಿಗೆ ಇದಕ್ಕಿಂತ ಬೇಕೇ? ಜಗತ್ತಿನಾದ್ಯಂತ ಸುಮಾರು 25 ಕೋಟಿ ಮಾರಾಟವಾದವು.

ಅದಕ್ಕೂ ಮೊದಲೇ ಅದೇ ಪ್ರಶ್ನೆಯನ್ನು ನಮ್ಮ ಬೆಂಗಳೂರಿನಲ್ಲಿ ಕೇಳಿದ್ದರೆಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಗಾತ್ರದ ಗಣಕವನ್ನು ಕಲ್ಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂದಿತು. ದೂರವಾಣಿಯಲ್ಲದಿದ್ದರೂ ಇಂದಿನ ಮೊಬೈಲಿಗೆ ಅದು ಹತ್ತಿರದ ನಂಟ. ಅಕ್ಷರ ಬಾರದವರಿಗಾಗಿ ಅದು ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳಬಲ್ಲುದಾಗಿತ್ತು. ಒಂದೇ ಯಂತ್ರವನ್ನು ಹಲವರು ಬಳಸಲೆಂದು ಒಬ್ಬೊಬ್ಬರಿಗೆ ಒಂದೊಂದು ಕಾರ್ಡು! ಬಡವನು ಯಂತ್ರವನ್ನಲ್ಲ, ಕಾರ್ಡನ್ನು ಮಾತ್ರ ಕೊಂಡರೆ ಸಾಕೆಂಬ ಈ ಯೋಚನೆ ನನಗೆ ಇಂದಿಗೂ ಅತ್ಯಂತ ಘನವಾದುದೆಂದು ತೋರುತ್ತದೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರನ್ನು ಕೈಯಲ್ಲಿ ಓರೆಮಾಡಿದರೆ ಪುಟ ಮಗುಚುತ್ತಿತ್ತು. ಐಫೋನ್ ಜಗತ್ತಿಗೆ ಮುಖ ತೋರಿದ್ದು 2007ರಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ಆದರೂ ಸಿಂಪ್ಯೂಟರ್ ನಿಲ್ಲಲಿಲ್ಲ. ಬೆಲೆ ಸುಮಾರು 10 ಸಾವಿರ ರೂಪಾಯಿಯಿಂದ ಕೆಳಗಿಳಿಯಬೇಕಾದರೆ ಲಕ್ಷಗಟ್ಟಲೆ ಮಾರಾಟವಾಗಬೇಕಿತ್ತು. ಮಾರಾಟವಾದುದು ಕೆಲವೇ ಸಾವಿರ. ಅಷ್ಟರಲ್ಲಿ ಅಗ್ಗದ ಮೊಬೈಲು ಹಳ್ಳಿಯ ಸಂತೆಯವರೆಗೂ ಬಂದಿತ್ತು. ಅದು ಓದಿ ಹೇಳುತ್ತಿರಲಿಲ್ಲ, ನಿಜ. ಆದರೆ ಮುಂಬಯಿಗೆ ದುಡಿಯಲು ಹೋದ ಮಗನ ದನಿಯನ್ನು ತಾಯಿಗೆ ಕೇಳಿಸುತ್ತಿತ್ತು.

ಆಮೇಲೆ ಗುಂಡಿಗಳು ಮಾಯವಾಗಿ ಗಾಜಿನ ಫಲಕವೊಂದೇ ಉಳಿಯಿತು. ಕಣ್ಣಿಲ್ಲದವರಿಗೂ ವೃದ್ಧರಿಗೂ ಬೆರಳತುದಿಗೆ ತಾಕುತ್ತಿದ್ದ ಐದರ ಗುಂಡಿಯ ಗುರುತು ಅಳಿಸಿತು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವು ಅಕ್ಷರಗಳ ಬದಲು ಖಾಲಿ ಚೌಕಗಳಾಗಿ ಮೂಡುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. ಮಾರಾಟವಾಗುವ ಫೋನುಗಳೆಲ್ಲ ಭಾರತೀಯ ಭಾಷೆಗಳನ್ನು ಓದಿಸಬಲ್ಲವಾಗಿರಬೇಕೆಂದು ಕೇಂದ್ರ ಸರ್ಕಾರ ಆಜ್ಞೆ ಹೊರಡಿಸಿದ್ದು 2016ರಲ್ಲಿ.

ಇನ್ನು ಮುಂದೇನು? 2019ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆ ಪುಸ್ತಕದಂತೆ ಮಡಚುವ ಫೋನನ್ನು ತಂದಿತು. ನೋಡಲು ಸೊಗಸು, ಬೆಲೆ ಎದೆ ಒಡೆಯುವಷ್ಟು. ಬ್ಯಾಟರಿಯನ್ನು ಬಳಕೆದಾರನೇ ಬದಲಾಯಿಸಲು ಬರಬೇಕೆಂಬ ಐರೋಪ್ಯ ಒಕ್ಕೂಟದ ನಿಯಮ 2027ರ ಫೆಬ್ರವರಿಗೆಂದು ಗೊತ್ತಾಗಿದೆ. ನನ್ನ ಮಟ್ಟಿಗೆ ಮಡಚುವ ಪರದೆಗಿಂತ ಇದೇ ಹೆಚ್ಚಿನ ಸುದ್ದಿ.

ಎಲ್ಲಕ್ಕೂ ದೊಡ್ಡ ಬದಲಾವಣೆ ಮಾತಿನದು. ಮುಟ್ಟದೆ, ಒತ್ತದೆ, ಬರಿಯ ಮಾತಿನಿಂದ ಯಂತ್ರವನ್ನು ನಡೆಸುವುದಾದರೆ ಒದ್ದೆ ಕೈಯ ಚಿಂತೆಯೇ ಇಲ್ಲ. ಆದರೆ ಅದು ಯಾವ ಕನ್ನಡವನ್ನು ಕಲಿಯಬೇಕು? ನಾನು ತರಗತಿಯಲ್ಲಿ ಪಾಠ ಹೇಳುವ ಗ್ರಾಂಥಿಕ ಕನ್ನಡವನ್ನಷ್ಟೇ ಕಲಿತರೆ, “ಕಬ್ಬಿನ ಬಿಲ್ಲ ಯಾವಾಗ ಬರತೈತಿ?” ಎಂಬ ಪ್ರಶ್ನೆಗೆ ಅದು ಬೆಪ್ಪಾಗಿ ಕುಳಿತುಕೊಂಡೀತು. ಸಿಂಪ್ಯೂಟರ್ ಹುಟ್ಟಿದ ಅದೇ ವಿಜ್ಞಾನ ಸಂಸ್ಥೆಯು ಈಗ ‘ವಾಣಿ’ ಎಂಬ ಯೋಜನೆಯಲ್ಲಿ ಗೂಗಲ್ ಸಂಸ್ಥೆಯ ನೆರವಿನಿಂದ ಜಿಲ್ಲೆ ಜಿಲ್ಲೆಯ ಜನರ ಆಡುಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿದೆ.