‘ಐ7 ಗೇಮಿಂಗ್ ಪಿಸಿ ಬರೀ 18 ಸಾವಿರ’: ಈ ಫಾರ್ವರ್ಡ್‌ನಲ್ಲಿ ಬರೆಯದೆ ಬಿಟ್ಟಿದ್ದೇನು?

“ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್ ಎಸ್‌ಎಂಪಿಎಸ್. ಗೇಮಿಂಗ್‌ಗೂ ಸೈ, ಕೋಡಿಂಗ್‌ಗೂ ಸೈ. ಬರೀ 18,000 ರೂಪಾಯಿ. ಸ್ಟಾಕ್ ಮುಗಿಯುವ ಮೊದಲು ಎಲ್ಲರಿಗೂ ಕಳಿಸಿ.”

ಬಣ್ಣಬಣ್ಣದ ಫ್ಯಾನ್ ತಿರುಗುವ ಫೋಟೊ ಸಮೇತ ಇಂಥದ್ದೊಂದು ಮೆಸೇಜ್ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬಂತು. ವಿಜಯಪುರದ ಜೋರಾಪುರ ಪೇಟೆಯಲ್ಲಿರುವ ನನ್ನ ಅತ್ತೆಯ ಮಗ ಈ ವರ್ಷ ಬಿಸಿಎ ಸೇರಿದ್ದಾನೆ. ಅರ್ಧ ಗಂಟೆಯಲ್ಲೇ ಅವನ ಫೋನ್. “ಅಕ್ಕಾ, ಐ7 ಅಂದ್ರ ಎಲ್ಲಾದಕ್ಕಿಂತ ದೊಡ್ಡದಲ್ಲಾ? ಅವ್ವ ಭಿಶಿ ರೊಕ್ಕ ಕೊಡ್ತೀನಿ ಅಂದಾಳ. ತೊಗೊಳ್ಳಲೇನು?”

“ತಡಿ, ರೊಕ್ಕ ಹಾಕಬ್ಯಾಡ. ಮೊದಲ ಪೂರ್ತಿ ಮಾಡೆಲ್ ನಂಬರ್ ಕೇಳು” ಎಂದೆ. ಮಾರುವವರಿಂದ ಎರಡು ದಿನದ ಮೇಲೆ ಉತ್ತರ ಬಂತು: ಪ್ರೊಸೆಸರ್ ಐ7-2600, ಗ್ರಾಫಿಕ್ಸ್ ಕಾರ್ಡ್ ಜಿಟಿ 730.

ಅಂದರೆ ಮೆಸೇಜ್‌ನಲ್ಲಿ ಪ್ರೊಸೆಸರ್ ಬಗ್ಗೆ, ಕಾರ್ಡ್ ಬಗ್ಗೆ ಸುಳ್ಳೇನೂ ಇರಲಿಲ್ಲ. ಅರ್ಧ ಹೆಸರು ಮಾತ್ರ ಇತ್ತು. ಇಂಥ ಫಾರ್ವರ್ಡ್‌ಗಳು ನಡೆಯುವುದೇ ಆ ಅರ್ಧ ಹೆಸರಿನ ಮೇಲೆ.

ಐ7 ಎಂದರೆ ಐ3ಗಿಂತ ಜೋರಾ?

ಒಂದೇ ವರ್ಷ ಬಂದ ಪ್ರೊಸೆಸರ್‌ಗಳಲ್ಲಿ ಹೌದು. ಬೇರೆ ಬೇರೆ ವರ್ಷದವಾದರೆ ಈ ಹೋಲಿಕೆಗೆ ಅರ್ಥವಿಲ್ಲ. ಇಂಟೆಲ್‌ನ ಈ ಹೆಸರುಗಳಲ್ಲಿ ಗೀಟಿನ ನಂತರ ಬರುವ ಅಂಕಿಯ ಮೊದಲ ಭಾಗ ತಲೆಮಾರನ್ನು ಹೇಳುತ್ತದೆ. ಐ7-2600 ಎರಡನೇ ತಲೆಮಾರಿನದು, 2011ರಲ್ಲಿ ಮಾರುಕಟ್ಟೆಗೆ ಬಂದದ್ದು. ಐ3-12100 ಹನ್ನೆರಡನೇ ತಲೆಮಾರಿನದು, 2022ರದ್ದು. ಎರಡರಲ್ಲೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಆದರೆ ಒಂದೊಂದು ಕೋರ್‌ನ ವೇಗ ನೋಡಿದರೆ ಹೊಸ ಐ3 ಹಳೆಯ ಐ7ನ ಸುಮಾರು ದುಪ್ಪಟ್ಟು.

ಇನ್ನೊಂದು ತೊಡಕು ವಿಂಡೋಸ್‌ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಆದರೆ ವ್ಯಾಲರೆಂಟ್‌ನಂಥ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0 ಇದೆಯೇ ಎಂದು ತಾನೇ ಪರೀಕ್ಷಿಸುತ್ತದೆ, ಇಲ್ಲದಿದ್ದರೆ ಆಡಲು ಬಿಡುವುದಿಲ್ಲ. ನಮ್ಮ ಹುಡುಗ ಆಡಬೇಕೆಂದಿದ್ದೂ ಅದನ್ನೇ.

ಹಾಗೆಂದು ಹಳೆಯ ಐ7 ಕಸವಲ್ಲ. ಉಬುಂಟು ಹಾಕಿಕೊಂಡು ಸಿ, ಪೈಥಾನ್, ವೆಬ್ ಪೇಜ್ ಕಲಿಯಲು ಧಾರಾಳವಾಗಿ ಸಾಕು. ಅದನ್ನು ‘ಗೇಮಿಂಗ್ ಪಿಸಿ’ ಎಂದು, ಆ ದರಕ್ಕೆ ಮಾರುವುದಷ್ಟೇ ತಪ್ಪು.

4 ಜಿಬಿ ಕಾರ್ಡ್ ಎಂದರೆ ಎಲ್ಲಾ ಒಂದೇನಾ?

ಜಿಬಿ ಎನ್ನುವುದು ಗೋದಾಮಿನ ಅಳತೆ. ಗೋದಾಮಿನ ಬಾಗಿಲು ಎಷ್ಟು ಅಗಲ ಎಂಬುದು ಬೇರೆ ಪ್ರಶ್ನೆ. ಡಿಡಿಆರ್3 ಮೆಮೊರಿಯ, 64 ಬಿಟ್‌ನ ಜಿಟಿ 730 ಕಾರ್ಡ್‌ನಲ್ಲಿ ಆ ಬಾಗಿಲಿನಿಂದ ಸೆಕೆಂಡಿಗೆ 14.4 ಜಿಬಿ ಮಾಹಿತಿ ದಾಟುತ್ತದೆ. 2019ರಲ್ಲಿ ಬಂದ ಜಿಟಿಎಕ್ಸ್ 1650ರಲ್ಲಿ 128 ಜಿಬಿ. ಎರಡರ ಡಬ್ಬಿಯ ಮೇಲೂ ‘4 ಜಿಬಿ’ ಎಂದೇ ಇರಬಹುದು. ವ್ಯತ್ಯಾಸ ಹೆಚ್ಚುಕಡಿಮೆ ಒಂಬತ್ತು ಪಟ್ಟು.

ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳಲ್ಲಿ ಮೋಸ ಇನ್ನೂ ನಾಜೂಕು. ಹಳೆಯ ಕಾರ್ಡ್‌ನೊಳಗಿನ ಸಾಫ್ಟ್‌ವೇರ್ ತಿದ್ದಿದರೆ ವಿಂಡೋಸ್ ಅದನ್ನು ಹೊಸ ಮಾಡೆಲ್ ಎಂದೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಂ ಇಂಥ ನಕಲಿ ಎನ್‌ವಿಡಿಯಾ ಕಾರ್ಡ್‌ಗಳನ್ನು ಗುರುತಿಸಬಲ್ಲದು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಅದನ್ನು ಓಡಿಸಿ ತೋರಿಸಲು ಕೇಳಿ. ಒಪ್ಪದಿದ್ದರೆ ಅದೇ ನಿಮಗೆ ಉತ್ತರ.

500 ವ್ಯಾಟ್ ನಿಜವೇ? ಒಂದು ಗುಣಾಕಾರ ಸಾಕು

ನನ್ನ ಲೆಕ್ಕದಲ್ಲಿ ಇಡೀ ಪಟ್ಟಿಯಲ್ಲಿ ಹೆಚ್ಚು ಅಪಾಯದ್ದು ಇದು, ಯಾರೂ ಕೇಳದ್ದೂ ಇದೇ. ಗೋಡೆಯ 230 ವೋಲ್ಟ್ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದಂತೆ ಇಳಿಸಿಕೊಡುವ ಡಬ್ಬಿ ಎಸ್‌ಎಂಪಿಎಸ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ 12 ವೋಲ್ಟ್ ಸಾಲಿನಿಂದ. ಡಬ್ಬಿಯ ಪಕ್ಕದ ಲೇಬಲ್‌ನಲ್ಲಿ ಆ ಸಾಲಿನ ಮುಂದೆ ಎಷ್ಟು ಆಂಪ್ ಎಂದು ಬರೆದಿರುತ್ತದೆ. ಅದನ್ನು 12ರಿಂದ ಗುಣಿಸಿ. 15 ಆಂಪ್ ಇದ್ದರೆ 180 ವ್ಯಾಟ್ ಅಷ್ಟೇ, ಮೇಲೆ 500 ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದಿರಲಿ. 36 ಆಂಪ್ ಇದ್ದರೆ 432 ವ್ಯಾಟ್. ಅಂಥ 450 ವ್ಯಾಟ್‌ನ ಡಬ್ಬಿ ಅಗ್ಗದ ‘500’ಕ್ಕಿಂತ ಎಷ್ಟೋ ಮೇಲು. ‘80 ಪ್ಲಸ್’ ಗುರುತಿದ್ದರೆ ಇನ್ನೂ ಒಳ್ಳೆಯದು. ಕಳಪೆ ಎಸ್‌ಎಂಪಿಎಸ್ ಕೆಡುವಾಗ ಒಂದೇ ಕೆಡದೆ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಯುಪಿಎಸ್‌ನಲ್ಲೂ ಇದೇ ಆಟ. 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಕೆಲಸ ಸೇವ್ ಮಾಡಿ ಬಂದ್ ಮಾಡಲು ಅಷ್ಟು ಸಾಕು, ಆಟ ಮುಂದುವರಿಸಲು ಅಲ್ಲ. ಹಳೆಯ ಮನೆಗಳಲ್ಲಿ ಪ್ಲಗ್‌ಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿಬಿಡಿ.

ಬೇಸಿಗೆಯ ಮಾತೂ ಇಲ್ಲೇ ಬರುತ್ತದೆ. ಪ್ರೊಸೆಸರ್ 95–100 ಡಿಗ್ರಿ ಮುಟ್ಟಿದರೆ ಸುಡದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ, ಫ್ಯಾನ್ ಒಳಗೆ ಎಳೆದುಕೊಳ್ಳುವುದೂ ಆ ಬಿಸಿಗಾಳಿಯನ್ನೇ. ಮುಂದೆ ಪೂರ್ತಿ ಗಾಜು ಮುಚ್ಚಿದ ಕ್ಯಾಬಿನೆಟ್ ಫೋಟೊಕ್ಕೆ ಚೆಂದ. ನಮ್ಮ ಕಡೆಗೆ ಜಾಳಿಗೆ ಇರುವುದೇ ಸರಿ, ಧೂಳು ತಡೆಯುವ ಫಿಲ್ಟರ್ ಸಮೇತ.

ಹಾಗಾದರೆ ಕೊಳ್ಳುವುದೇನು?

ದರ ಇಲ್ಲಿ ಬರೆಯುವುದಿಲ್ಲ. ಈ ಲೇಖನವನ್ನು ನೀವು ಫಾರ್ವರ್ಡ್ ಮಾಡಿದರೆ ಅದು ದರಕ್ಕಿಂತ ಹೆಚ್ಚು ಕಾಲ ಓಡಾಡುತ್ತಿರುತ್ತದೆ. ಮೆಮೊರಿ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಿಗಿದಿದ್ದನ್ನು ನೋಡಿದ್ದೇವೆ. ಕೊಳ್ಳುವ ದಿನ ಎರಡು ಕಡೆ ಕೇಳಿ.

ಕೈಯಲ್ಲಿರುವುದು ನಿಜಕ್ಕೂ 18–20 ಸಾವಿರವೇ ಆದರೆ ಹೊಸ ಗೇಮಿಂಗ್ ಪಿಸಿಯ ಆಸೆ ಬಿಟ್ಟು, ಕಂಪನಿಗಳಿಂದ ಹೊರಬಂದ ಆಫೀಸ್ ಕಂಪ್ಯೂಟರ್ ಹುಡುಕುವುದು ಜಾಣತನ. ಐ5-8500 ಇರುವಂಥದ್ದು ವಿಂಡೋಸ್ 11 ಪಟ್ಟಿಯಲ್ಲಿದೆ, ಆರು ಕೋರ್ ಇದೆ. ಒಂದೇ ಎಚ್ಚರ: ತೆಳ್ಳಗಿನ ಡಬ್ಬಿಯಲ್ಲಿ ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೂರುವುದಿಲ್ಲ, ಅನೇಕ ಬಾರಿ ಎಸ್‌ಎಂಪಿಎಸ್ ಕೂಡ ಆ ಕಂಪನಿಯದೇ ಬೇಕಾಗುತ್ತದೆ.

ಇನ್ನಷ್ಟು ದುಡ್ಡು ಕೂಡಿಸಬಹುದಾದರೆ ಎಎಂಡಿಯ ರೈಜೆನ್ 5 5600ಜಿ ಕಡೆಗೆ ನನ್ನ ಒಲವು. ಆರು ಕೋರ್, ಹನ್ನೆರಡು ಥ್ರೆಡ್, ಗ್ರಾಫಿಕ್ಸ್ ಒಳಗೇ ಇದೆ. ಗ್ರಾಫಿಕ್ಸ್ ಸೆಟ್ಟಿಂಗ್ ತಗ್ಗಿಸಿಟ್ಟರೆ ವ್ಯಾಲರೆಂಟ್, ಜಿಟಿಎ 5 ಆಡಬಹುದು. ಕಾರ್ಡ್ ಮುಂದಿನ ವರ್ಷ ಹಾಕಿಕೊಳ್ಳಬಹುದು. ಇದಕ್ಕೆ 16 ಜಿಬಿಯ ಒಂದು ರ‍್ಯಾಮ್ ಕಡ್ಡಿಯ ಬದಲು 8 ಜಿಬಿಯ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು, ಎರಡು ಕಡ್ಡಿಯಿದ್ದರೆ ದಾರಿ ದುಪ್ಪಟ್ಟು ಅಗಲ. ಕೋಡಿಂಗ್‌ಗೂ 16 ಜಿಬಿ ಬೇಕು: ಆಂಡ್ರಾಯ್ಡ್ ಸ್ಟುಡಿಯೊವನ್ನು ಎಮ್ಯುಲೇಟರ್ ಜೊತೆ ಓಡಿಸಲು ಅದೇ ಕನಿಷ್ಠ. ಹಾರ್ಡ್ ಡಿಸ್ಕ್ ಮಾತ್ರ ಸಾಲದು, ಎಸ್‌ಎಸ್‌ಡಿ ಇರಲೇಬೇಕು. ಐ3-12100ಎಫ್‌ನಂಥ ‘ಎಫ್’ ಪ್ರೊಸೆಸರ್ ಅಗ್ಗ ಸಿಗುತ್ತದೆ ಎಂದು ಕೊಂಡರೆ ಬೇರೆ ಕಾರ್ಡ್ ಇಲ್ಲದೆ ಪರದೆಯ ಮೇಲೆ ಏನೂ ಬರುವುದಿಲ್ಲ. ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದೇ.

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಿಸಿ, ಆನ್‌ಲೈನ್‌ನಲ್ಲಿ ಕೊಳ್ಳಿ, ಇಲ್ಲವೇ ಊರಲ್ಲೇ ಜೋಡಿಸಿಕೊಳ್ಳಿ. ಜಿಎಸ್‌ಟಿ ಬಿಲ್‌ನಲ್ಲಿ ‘ಕಂಪ್ಯೂಟರ್ ಸೆಟ್ 1’ ಎಂದು ಬರೆಸಿಕೊಳ್ಳಬೇಡಿ. ಒಂದೊಂದು ಭಾಗದ ಪೂರ್ತಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಇರಲಿ. ವಾರಂಟಿಗೆ ಹೋದಾಗ ಕೇಳುವುದು ಅದನ್ನೇ.

ನಮ್ಮ ಹುಡುಗ ದೀಪಾವಳಿಯವರೆಗೆ ಕಾಯಲು ಒಪ್ಪಿದ್ದಾನೆ. ಭಿಶಿ ರೊಕ್ಕ ಸದ್ಯ ಅತ್ತೆಯ ಹತ್ತಿರವೇ ಇದೆ. ನಿನ್ನೆ ಯಾವುದೋ ಅಂಗಡಿಯಿಂದ ಎಸ್‌ಎಂಪಿಎಸ್ ಲೇಬಲ್‌ನ ಫೋಟೊ ಕಳಿಸಿ, “ಅಕ್ಕಾ, ಹದಿನಾರ ಆಂಪ್ ಐತಿ, 192 ಆತು. ಇದು ಬ್ಯಾಡಲ್ಲಾ?” ಎಂದು ಬರೆದಿದ್ದ.